ಯಾವ ಪೆಡಲ್ ಮೊದ್ಲು, ಯಾವುದು ಆಮೇಲೆ? ಗಿಟಾರ್ ಎಫೆಕ್ಟ್ಸ್ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಪೆಡಲ್ ಅಂದ್ರೆ ಗಿಟಾರಿಗೂ ಆಂಪಿಗೂ (ಸೌಂಡ್ ಜೋರು ಮಾಡೋ ಪೆಟ್ಟಿಗೆ) ಮಧ್ಯ ಕೂತು ಸೌಂಡ್ ಬದಲಾಯಿಸೋ, ಕಾಲಲ್ಲಿ ಒತ್ತೋ ಡಬ್ಬಿ, ಅವುಗಳ ಸಾಲೇ ಚೈನ್. ಎರಡನೇ ಪೆಡಲ್ ಮನೆಗೆ ಬಂದ ದಿನ ಶುರು ಆಗೋ ತಲೆನೋವು ಇದು. ಒಂದೇ ಇದ್ದಾಗ ಪ್ರಶ್ನೆನೇ ಇಲ್ಲ, ಐದು ಪೆಡಲ್ ಆದ್ರೆ 120 ತರ ಜೋಡಿಸ್ಬಹುದು, ಹತ್ತು ಆಯ್ತು ಅಂದ್ರೆ ಲೆಕ್ಕ 36 ಲಕ್ಷ ದಾಟತ್ತೆ. ಅಷ್ಟನ್ನೂ ಟ್ರೈ ಮಾಡಕ್ಕೆ ಯಾರಿಗೂ ಆಯಸ್ಸಿಲ್ಲ, ಪುಣ್ಯಕ್ಕೆ ಅದರ ಅಗತ್ಯನೂ ಇಲ್ಲ, ಯಾಕಂದ್ರೆ ಇಡೀ ವಿಷಯ ನಿಂತಿರೋದು ಒಂದೇ ಪ್ರಶ್ನೆ ಮೇಲೆ: ನಿಮ್ಮ ಚೈನಲ್ಲಿ ಸೌಂಡ್ ಒಡೆಯೋದು (ಗರಗರ ಅಂತ ಡಿಸ್ಟಾರ್ಶನ್ ಆಗೋದು) ಎಲ್ಲಿ? ಅದೊಂದು ಗೊತ್ತಾದ್ರೆ ಉಳಿದ ಪೆಡಲ್‌ಗಳು ಅದರ ಈ ಕಡೆನೋ ಆ ಕಡೆನೋ ತಾನಾಗೇ ಸರ್ಕೊಳತ್ವೆ. ಕೆಳಗೆ "ಮೊದ್ಲು" ಅಂದಿರೋ ಕಡೆಯೆಲ್ಲ ಗಿಟಾರ್ ಹತ್ರ ಅಂತ, "ಆಮೇಲೆ" ಅಂದ್ರೆ ಆಂಪ್ ಹತ್ರ ಅಂತ ಓದ್ಕೊಳ್ಳಿ.

ಥಿಯರಿ ಎಲ್ಲ ಬೇಡ ಗುರು, ಸೀದಾ ಆರ್ಡರ್ ಹೇಳು

ಸರಿ ತಗೋ. ಗಿಟಾರ್, ಟ್ಯೂನರ್, ವಾ (ಕಾಲಲ್ಲಿ ಸರಿಸೋ ಫಿಲ್ಟರ್), ಕಂಪ್ರೆಸರ್ (ಜೋರು ಮೆತ್ತಗೆ ಸಮ ಮಾಡೋದು), ಓವರ್‌ಡ್ರೈವ್, ಡಿಸ್ಟಾರ್ಶನ್ (ಇವೆರಡೂ ಸೌಂಡ್ ಒಡೆಯೋವು, ಒಟ್ಟಿಗೆ ಡ್ರೈವ್ ಅಂತಾರೆ), ನಾಯ್ಸ್ ಗೇಟ್ (ನುಡಿಸದೇ ಇದ್ದಾಗ ಗದ್ದಲ ಮುಚ್ಚೋದು), ಫೇಸರ್ ಅಥವಾ ಕೋರಸ್ (ಸೌಂಡನ್ನ ಅಲೆಅಲೆಯಾಗಿ ತೂಗಾಡ್ಸೋವು), ಡಿಲೇ (ಪ್ರತಿಧ್ವನಿ), ರಿವರ್ಬ್ (ದೊಡ್ಡ ಹಾಲಿನ ಗುಂಗು), ಆಂಪ್. ನಾಳೆ ಸಂಜೆ ಶೋ ಇದೆ ಅಂದ್ರೆ ಇಷ್ಟು ಜೋಡಿಸ್ಕೊಂಡು ಹೋಗು, ಯಾರೂ ಬೈಯಲ್ಲ. ಫಜ್ (ಸೌಂಡನ್ನ ಬಲು ಒರಟಾಗಿ ಒಡೆಯೋ ಪೆಡಲ್) ಇದ್ರೆ ಮಾತ್ರ ಅದಕ್ಕೆ ಬೇರೆ ಕಾನೂನು, ಕೆಳಗಿದೆ ಓದು.

ಅದೇ ಪೆಡಲ್, ಅದೇ ನಾಬ್ ಸೆಟ್ಟಿಂಗ್, ಜಾಗ ಬದಲಾದ್ರೆ ಸೌಂಡ್ ಯಾಕೆ ಬದಲಾಗ್ಬೇಕು?

ಎಲ್ಲಾ ಪೆಡಲ್‌ಗೂ ಬದಲಾಗಲ್ಲ, ಇದನ್ನ ಯಾರೂ ಹೇಳೋದೇ ಇಲ್ಲ. ಒಂದು ಈಕ್ಯೂ ಒಂದು ಡಿಲೇ ಮಾತ್ರ ಇಟ್ಕೊಂಡು ಜಾಗ ಅದಲುಬದಲು ಮಾಡಿ ನೋಡಿ, ಸೌಂಡ್ ಹೆಚ್ಚುಕಮ್ಮಿ ಅದೇ ಬರತ್ತೆ. ಒಂದು ಕೆಲವು ಫ್ರೀಕ್ವೆನ್ಸಿನ ಏರಿಸಿ ಇಳಿಸತ್ತೆ, ಇನ್ನೊಂದು ತಡವಾಗಿ ಇನ್ನೊಂದ್ಸಲ ಕೇಳಿಸತ್ತೆ, ಎರಡೂ ಹೊಸದಾಗಿ ಏನನ್ನೂ ಹುಟ್ಟಿಸಲ್ಲ.

ಡಿಸ್ಟಾರ್ಶನ್ ಹಂಗಲ್ಲ. ಅದು ಅಲೆಯ ನೆತ್ತಿನೇ ಕತ್ತರಿಸಿ ಹಾಕತ್ತೆ. ಕತ್ತರಿಸಿದ್ರಿಂದ ತಂತಿಲಿ ಇಲ್ದೇ ಇದ್ದ ಹಾರ್ಮೊನಿಕ್ಸ್ (ಮೂಲ ಸ್ವರದ ಮೇಲಿನ ಉಪಸ್ವರಗಳು) ಹೊಸದಾಗಿ ಹುಟ್ಟತ್ವೆ, ಎರಡು ಸ್ವರ ಒಟ್ಟಿಗೆ ಒಳಗೆ ಹೋದ್ರೆ ಅವುಗಳನ್ನ ಕೂಡಿದ ಕಳೆದ ಲೆಕ್ಕದಲ್ಲಿ ಮೂರನೇದು ನಾಕನೇದು ಸ್ವರನೂ ಆಚೆ ಬರತ್ತೆ. ಜೋರು ಡಿಸ್ಟಾರ್ಶನಲ್ಲಿ ಪವರ್ ಕಾರ್ಡ್ (ಎರಡೇ ಸ್ವರ ಸೇರಿಸಿ ನುಡಿಸೋದು) ಗಟ್ಟಿಯಾಗಿ ಕೇಳಿಸಿ, ಅದೇ ಸೆಟ್ಟಿಂಗಲ್ಲಿ ಪೂರ್ತಿ ಮೈನರ್ ಸೆವೆಂತ್ ಹಿಡಿದ್ರೆ ಗಲೀಜಾಗೋದು ಇದಕ್ಕೇ. ಜೊತೆಗೆ ಅದು ಮೆತ್ತಗಿನ ಸೌಂಡನ್ನೂ ಜೋರಿನ ಸೌಂಡನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸತ್ತೆ.

ಈಗ ಡಿಲೇನ ಡಿಸ್ಟಾರ್ಶನ್‌ಗಿಂತ ಮೊದ್ಲು ಇಟ್ರಿ ಅನ್ಕೊಳ್ಳಿ. ಈಗ ನುಡಿಸ್ತಿರೋ ಸ್ವರನೂ ಅರ್ಧ ಸೆಕೆಂಡ್ ಹಿಂದಿನ ಸ್ವರದ ಪ್ರತಿಧ್ವನಿನೂ ಒಟ್ಟಿಗೆ ಒಳಗೆ ಹೋಗಿ ಒಂದಕ್ಕೊಂದು ಕಲಸ್ಕೊಳತ್ವೆ, ಮೇಲಿಂದ ಸಣ್ಣಗೆ ಕರಗ್ಬೇಕಿದ್ದ ಪ್ರತಿಧ್ವನಿಗಳನ್ನೆಲ್ಲ ಡಿಸ್ಟಾರ್ಶನ್ ಎಳೆದು ಒಂದೇ ಜೋರಿಗೆ ತರತ್ತೆ. ಆಮೇಲೆ ಇಟ್ರೆ ಒಡೆದ ಸೌಂಡೇ ನೀಟಾಗಿ ರಿಪೀಟ್ ಆಗಿ ಕರಗತ್ತೆ. ಕೊತ್ತಂಬರಿನ ಚಟ್ನಿ ಜೊತೆ ಮಿಕ್ಸಿಗೆ ಹಾಕೋದಕ್ಕೂ ರುಬ್ಬಿದ್ಮೇಲೆ ಮೇಲೆ ಉದುರಿಸೋದಕ್ಕೂ ಇರೋ ವ್ಯತ್ಯಾಸ ಇದು, ಎರಡೂ ತಪ್ಪಲ್ಲ, ಏನು ಬೇಕು ಅಂತ ನಿಮಗೆ ಗೊತ್ತಿರ್ಬೇಕು ಅಷ್ಟೇ.

ಪೆಡಲ್ ಬೋರ್ಡಲ್ಲಿ ಎಡದಿಂದ ಬಲಕ್ಕಾ, ಬಲದಿಂದ ಎಡಕ್ಕಾ?

ಬಲದಿಂದ ಎಡಕ್ಕೆ. ಹೆಚ್ಚಿನ ಪೆಡಲ್‌ಗಳಲ್ಲಿ ಇನ್‌ಪುಟ್ ಜ್ಯಾಕ್ ಬಲಗಡೆ, ಔಟ್‌ಪುಟ್ ಎಡಗಡೆ. ಓದೋ ಅಭ್ಯಾಸದಲ್ಲಿ ಎಡದಿಂದ ಶುರು ಮಾಡಿ ಎಲ್ಲ ಉಲ್ಟಾ ಚುಚ್ಚಿ "ಸೌಂಡೇ ಬರ್ತಿಲ್ಲ, ಪೆಡಲ್ ಸುಟ್ಟೋಗಿದೆ" ಅಂತ ಅಂಗಡಿಗೆ ವಾಪಸ್ ತರೋರು ಇದಾರೆ. ಈಗಿನ ಕೆಲವಕ್ಕೆ ಜ್ಯಾಕ್‌ಗಳು ಮೇಲ್ಭಾಗದಲ್ಲಿ ಇರತ್ವೆ, ಅಲ್ಲೂ ಬರೆದಿರೋದನ್ನ ಒಂದ್ಸಲ ಓದಿ.

ಫಜ್ ಪೆಡಲ್‌ಗೆ ಅಷ್ಟೊಂದು ನಖರಾ ಯಾಕೆ?

ಎಲ್ಲಾ ಫಜ್‌ಗೂ ಇಲ್ಲ. ತಕರಾರು ಇರೋದು ಫಜ್ ಫೇಸ್ ಜಾತಿಯವಕ್ಕೆ, ಅಂದ್ರೆ 1966ರಲ್ಲಿ ಲಂಡನ್ನಿನ ಆರ್ಬಿಟರ್ (ಆಮೇಲೆ ಡಲಾಸ್ ಆರ್ಬಿಟರ್ ಆಯ್ತು) ಕಂಪನಿ ತಂದ ದುಂಡಗಿನ ಪೆಡಲ್ ಮತ್ತೆ ಅದರ ನೂರಾರು ಕಾಪಿಗಳಿಗೆ. ಒಳಗಿರೋದು ಎರಡೇ ಟ್ರಾನ್ಸಿಸ್ಟರ್, ಬಲು ಸರಳ ಸರ್ಕ್ಯೂಟ್. ಅದರ ಇನ್‌ಪುಟ್ ಇಂಪೀಡೆನ್ಸ್ (ಒಳಗೆ ಬರೋ ಸಿಗ್ನಲ್‌ಗೆ ಒಡ್ಡೋ ತಡೆ) ತುಂಬಾ ಕಮ್ಮಿ, ಕೆಲವು ಸಾವಿರ ಓಮ್ ಅಷ್ಟೇ, ಬಫರ್ (ಸಿಗ್ನಲ್‌ಗೆ ಬಲ ಕೊಟ್ಟು ಮುಂದೆ ಕಳ್ಸೋ ಸರ್ಕ್ಯೂಟ್) ಇರೋ ಮಾಮೂಲಿ ಪೆಡಲ್‌ನಲ್ಲಿ 10 ಲಕ್ಷ ಓಮ್ ಇರೋ ಜಾಗದಲ್ಲಿ. ಹಂಗಾಗಿ ಅದು ಗಿಟಾರಿನ ಪಿಕಪ್‌ನ (ತಂತಿ ಕಂಪನನ ಕರೆಂಟ್ ಮಾಡೋ ಭಾಗ) ತನ್ನ ಸರ್ಕ್ಯೂಟಿನ ಒಂದು ಭಾಗದ ತರಾನೇ ಬಳಸ್ಕೊಳತ್ತೆ. ಗಿಟಾರ್ ವಾಲ್ಯೂಮ್ 10ರಿಂದ 7ಕ್ಕೆ ಇಳಿಸಿದ್ರೆ ಫಜ್ ಹೋಗಿ ಹೊಳೆಯೋ ಕ್ಲೀನ್ ಸೌಂಡ್ ಬರೋ ಮಜಾ ಇರೋದು ಈ ಸಂಬಂಧದಿಂದ.

ಮಧ್ಯದಲ್ಲಿ ಒಂದು ಬಫರ್ ಬಂದು ಕೂತ್ರೆ ಮುಗೀತು. ಪಿಕಪ್ ಕಾಣಲ್ಲ, ಸೌಂಡ್ ಕರ್ಕಶ ಆಗತ್ತೆ, ವಾಲ್ಯೂಮ್ ಇಳಿಸಿದ್ರೂ ಕ್ಲೀನ್ ಆಗಲ್ಲ. ಬಾಸ್ (Boss) ಕಂಪನಿಯ ಟ್ಯೂನರಲ್ಲಿ ಬಫರ್ ಇದೆ, ಆದ್ರಿಂದ "ಟ್ಯೂನರ್ ಯಾವಾಗ್ಲೂ ಮೊದ್ಲು" ಅನ್ನೋ ಮಾತು ಇಲ್ಲಿ ನಡೆಯಲ್ಲ, ಫಜ್ ಫೇಸ್ ಮೊದ್ಲು, ಟ್ಯೂನರ್ ಅದಾದ್ಮೇಲೆ. ವೈರ್‌ಲೆಸ್ ಬಳಸೋರಿಗೂ ಇದೇ ಗೋಳು, ಅದರ ರಿಸೀವರ್ ಔಟ್‌ಪುಟ್ಟೂ ಬಫರ್ ಇದ್ದಂಗೇ. ಬಿಗ್ ಮಫ್ ಅನ್ನೋ ಇನ್ನೊಂದು ಫಜ್ ಅಷ್ಟೊಂದು ತಕರಾರು ಮಾಡಲ್ಲ, ಎಲ್ಲಿಟ್ರೂ ಬೊಗಳತ್ತೆ.

ಜರ್ಮೇನಿಯಂ ಟ್ರಾನ್ಸಿಸ್ಟರ್ ಇರೋದು ತಗೊಳೋರು ಇನ್ನೊಂದು ವಿಷಯ ಗಮನಿಸಿ, ಅದಕ್ಕೆ ಬಿಸಿಲು ಆಗಲ್ಲ. ಬಿಸಿ ಏರಿದಂಗೆ ಟ್ರಾನ್ಸಿಸ್ಟರಲ್ಲಿ ಲೀಕೇಜ್ ಜಾಸ್ತಿ ಆಗಿ ಸೌಂಡ್ ಕೆಡತ್ತೆ, ಏಪ್ರಿಲಲ್ಲಿ ಕಲಬುರಗಿ ಕಡೆ ಹಗಲು ಹೊತ್ತು ಓಪನ್ ಸ್ಟೇಜ್ ಅಂದ್ರೆ ಸಿಲಿಕಾನ್ ಫಜ್ ಒಯ್ಯೋದು ವಾಸಿ.

ಬಫರ್ ಅಂದ್ರೆ ಕೆಟ್ಟದ್ದು, ಟ್ರೂ ಬೈಪಾಸ್ ಅಂದ್ರೆ ಒಳ್ಳೇದು ಅಂತಾರಲ್ಲ?

ಮಾರೋರು ಹಂಗಂತಾರೆ. ಟ್ರೂ ಬೈಪಾಸ್ ಅಂದ್ರೆ ಪೆಡಲ್ ಆಫ್ ಇದ್ದಾಗ ಸಿಗ್ನಲ್ಲನ್ನ ಮುಟ್ಟದೇ ಸೀದಾ ದಾಟ್ಸೋದು. ಗಿಟಾರ್ ಕೇಬಲ್ ಒಂದು ಮೀಟರಿಗೆ ಅಂದಾಜು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇಟ್ಕೊಂಡಿರತ್ತೆ. ಗಿಟಾರಿಂದ ಬೋರ್ಡಿಗೆ 6 ಮೀಟರ್, ಬೋರ್ಡಿಂದ ಆಂಪ್‌ಗೆ 6 ಮೀಟರ್, ಮಧ್ಯ ಪ್ಯಾಚ್ ಕೇಬಲ್ ಎಲ್ಲ ಸೇರಿ ಇನ್ನೊಂದೆರಡು ಮೀಟರ್. ಎಲ್ಲಾ ಪೆಡಲ್ ಟ್ರೂ ಬೈಪಾಸ್ ಆಗಿದ್ದು ಎಲ್ಲಾ ಆಫ್ ಇದ್ರೆ ಪಿಕಪ್ ಪಾಪ ಅಷ್ಟೂ ಕೇಬಲ್ಲನ್ನ ಒಬ್ಬನೇ ಎಳೀಬೇಕು, ಮೇಲಿನ ಹೊಳಪು ಹೋಗಿ ಕಂಬಳಿ ಹೊದಿಸಿದಂಗೆ ಆಗತ್ತೆ. ಒಂದು ಒಳ್ಳೆ ಬಫರ್ ಆರಂಭದಲ್ಲಿ ಇದ್ರೆ ಅಲ್ಲಿಂದಾಚೆ ಆ ಸಮಸ್ಯೆನೇ ಇಲ್ಲ. ಬಾಸ್ ಪೆಡಲ್‌ಗಳೂ ಐಬನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವೂ ಬಫರ್ ಇರೋವೇ, ಅವು ಬೋರ್ಡಲ್ಲಿ ಇದ್ರೆ ನಿಮಗೆ ಗೊತ್ತಿಲ್ದೇನೇ ಕೆಲಸ ಆಗ್ತಿರತ್ತೆ. ಹತ್ತು ಬಫರ್ ಸಾಲಾಗಿ ಬೇಡ. ಒಂದೆರಡು ಬೇಕೇ ಬೇಕು.

ವಾ ಡಿಸ್ಟಾರ್ಶನ್‌ಗೆ ಮೊದ್ಲಾ ಆಮೇಲಾ?

ಎರಡೂ ನಡೆಯತ್ತೆ. ವಾ ಅನ್ನೋದು ಕಾಲಲ್ಲಿ ಸರಿಸೋ ಒಂದು ಚೂಪು ಫಿಲ್ಟರ್, 1960ರ ದಶಕದ ಕೊನೆಯಿಂದ ಇದೆ. ಮೊದ್ಲು ಇಟ್ರೆ ಆ ಫಿಲ್ಟರ್ ಎತ್ತಿದ ಭಾಗ ಡಿಸ್ಟಾರ್ಶನಲ್ಲಿ ಮೊದ್ಲು ಒಡೆಯತ್ತೆ, ಬಾಯಿ ತೆರೆದು ಮುಚ್ಚಿ ಮಾತಾಡಿದ ತರದ ಸೌಂಡ್, ಹಳೇ ರಾಕ್ ಸೋಲೋಗಳಲ್ಲಿ ಕೇಳೋದು ಇದೇ. ಆಮೇಲೆ ಇಟ್ರೆ ಡಿಸ್ಟಾರ್ಶನ್ ಹುಟ್ಟಿಸಿದ ಹಾರ್ಮೊನಿಕ್ಸ್ ಎಲ್ಲದರ ಮೇಲೂ ಫಿಲ್ಟರ್ ಓಡಾಡತ್ತೆ, ತುಂಬಾ ನಾಟಕೀಯವಾಗಿ ಸಿಂತಸೈಜರ್ ತರ ಬರತ್ತೆ. ಬ್ಯಾಂಡಲ್ಲಿ ಇದು ಎಲ್ಲರ ಮೇಲೂ ಹತ್ಕೊಂಡು ಕೂರತ್ತೆ, ನನಗಂತೂ ಒಂದು ಹಾಡಿಗೆ ಸಾಕು.

ಜಿಮಿ ಹೆಂಡ್ರಿಕ್ಸ್ 1969ರ ವುಡ್‌ಸ್ಟಾಕಲ್ಲಿ ವಾ, ಆಮೇಲೆ ಫಜ್ ಫೇಸ್, ಆಮೇಲೆ ಯೂನಿ-ವೈಬ್ (ಫೇಸರ್ ತರದ್ದು), ಅಲ್ಲಿಂದ ಮಾರ್ಷಲ್ ಆಂಪ್ ಅನ್ನೋ ಆರ್ಡರಲ್ಲಿ ನುಡಿಸಿದ್ದು. ಅದನ್ನ ನೋಡಿ ವಾ ಮತ್ತೆ ಫಜ್ ಫೇಸ್ ಜೋಡಿಸಿದ್ರೆ ಬಹಳ ಜನರಿಗೆ ಒಂದೋ ವಾ ಓಡೋದೇ ಕೇಳಲ್ಲ, ಇಲ್ಲಾ ಕಿರ್ರ್ ಅಂತ ಕಿರುಚತ್ತೆ. ಕಾರಣ ಮತ್ತೆ ಅದೇ ಇಂಪೀಡೆನ್ಸ್, ಫಜ್ ಫೇಸ್ ವಾ ಪೆಡಲ್‌ನ ಔಟ್‌ಪುಟ್ ಮೇಲೆ ಹೊರೆ ಹಾಕತ್ತೆ. ಔಟ್‌ಪುಟ್ಟಲ್ಲಿ ಸಣ್ಣ ಬಫರ್ ಇರೋ ವಾ ತಗೊಳ್ಳಿ, ಅಥವಾ ಫಜ್ ಮೊದ್ಲು ಇಟ್ಟು ವಾ ಆಮೇಲೆ ಇಡಿ.

ಓವರ್‌ಡ್ರೈವ್, ಡಿಸ್ಟಾರ್ಶನ್ ಎರಡೂ ಇದಾವೆ, ಯಾವುದು ಮೊದ್ಲು? ಸೋಲೋ ಬಂದಾಗ ಬೂಸ್ಟ್ ಒತ್ತಿದ್ರೂ ಜೋರಾಗ್ತಿಲ್ಲ ಯಾಕೆ?

ಬೂಸ್ಟ್ (ಸಿಗ್ನಲ್ ದೊಡ್ಡದು ಮಾಡೋ ಪೆಡಲ್) ಡಿಸ್ಟಾರ್ಶನ್‌ಗಿಂತ ಮೊದ್ಲು ಇದೆ, ಅದಕ್ಕೆ. ಆಗ್ಲೇ ನೆತ್ತಿ ಕತ್ತರಿಸ್ತಿರೋ ಪೆಡಲ್‌ಗೆ ಇನ್ನೂ ದೊಡ್ಡ ಸಿಗ್ನಲ್ ಕೊಟ್ರೆ ಇನ್ನೂ ಜಾಸ್ತಿ ಕತ್ತರಿಸತ್ತೆ, ಗೇನ್ (ಒಡೆಯೋ ಪ್ರಮಾಣ) ಜಾಸ್ತಿ, ಸಸ್ಟೇನ್ (ಸ್ವರ ನಿಲ್ಲೋ ಹೊತ್ತು) ಜಾಸ್ತಿ, ಜೋರು ಮಾತ್ರ ಅಷ್ಟೇ. ಜೋರು ಬೇಕಂದ್ರೆ ಬೂಸ್ಟ್ ಎಲ್ಲಾ ಡ್ರೈವ್‌ಗಳಾದ್ಮೇಲೆ ಬರ್ಬೇಕು, ಆಂಪೂ ಕ್ಲೀನ್ ಇರ್ಬೇಕು. ಆಂಪೇ ಒಡೀತಿದ್ರೆ ಅದರ ಇನ್‌ಪುಟ್‌ಗೆ ಎಲ್ಲಿಂದ ಬೂಸ್ಟ್ ಕೊಟ್ರೂ ಅದೇ ಕಥೆ, ಆಗ ಬೂಸ್ಟ್ ಹೋಗ್ಬೇಕಾದ್ದು ಎಫೆಕ್ಟ್ಸ್ ಲೂಪಿಗೆ (ಆಂಪಿನ ಹಿಂದಿರೋ ಸೆಂಡ್ ರಿಟರ್ನ್ ಜ್ಯಾಕ್, ಕೆಳಗೆ ಹೇಳಿದೀನಿ). ಪಬ್ಬಲ್ಲಿ ಗಿಟಾರಿಸ್ಟ್ ಸೋಲೋಗೆ ಪೆಡಲ್ ಒತ್ತಿ ಮುಖ ಹಿಂಡಿ ನುಡಿಸ್ತಿದ್ರೂ ಕೇಳದೇ ಹೋಗೋದು ಬಹುಪಾಲು ಇದಕ್ಕೇ, ಸೌಂಡ್ ಇಂಜಿನಿಯರ್‌ನ ಬೈದು ಪ್ರಯೋಜನ ಇಲ್ಲ.

ಸಾಮಾನ್ಯವಾಗಿ ಕಮ್ಮಿ ಗೇನ್ ಇರೋದು ಮೊದ್ಲು, ಜಾಸ್ತಿ ಗೇನ್ ಇರೋದು ಆಮೇಲೆ ಇಡ್ತಾರೆ. ಮೆಟಲ್ ಹುಡುಗರ ಹಳೇ ಟ್ರಿಕ್ ಗೊತ್ತಿರ್ಬೇಕು: ಟ್ಯೂಬ್ ಸ್ಕ್ರೀಮರಲ್ಲಿ ಡ್ರೈವ್ ಸೊನ್ನೆ, ಲೆವೆಲ್ ಫುಲ್, ಅದನ್ನ ಹೈ ಗೇನ್ ಆಂಪ್‌ಗೆ ಮೊದ್ಲು ಇಡೋದು. ಆ ಪೆಡಲ್ 720 ಹರ್ಟ್ಜ್ ಸುತ್ತಮುತ್ತ ಮಿಡ್ ಎತ್ತಿ ಅದರ ಕೆಳಗಿನ ಬೇಸ್ ತೆಳು ಮಾಡತ್ತೆ, ದಪ್ಪ ತಂತಿಯ ಬೇಸ್ ಆಂಪಲ್ಲಿ ಒಡೆದು ಕೆಸರಾಗೋದು ತಪ್ಪಿ ಪಾಮ್ ಮ್ಯೂಟ್ (ಅಂಗೈ ಅಂಚನ್ನ ತಂತಿ ಮೇಲಿಟ್ಟು ನುಡಿಸೋದು) ಟಕ ಟಕ ಅಂತ ಬಿಗಿಯಾಗಿ ಬರತ್ತೆ. ಇಲ್ಲಿ ಓವರ್‌ಡ್ರೈವ್ ಪೆಡಲ್ ಒಡೆಯೋ ಕೆಲಸನೇ ಮಾಡ್ತಿಲ್ಲ, ಒಡೆಯೋ ಮುಂಚೆ ಬೇಸ್ ಸೋಸ್ತಿದೆ ಅಷ್ಟೇ.

ಕಂಪ್ರೆಸರ್ ಎಲ್ಲಿ?

ಡ್ರೈವ್‌ಗಳಿಗಿಂತ ಮೊದ್ಲು. ಆಮೇಲೆ ಇಟ್ರೆ ಡಿಸ್ಟಾರ್ಶನಿನ ಸೊರ್ರ್ ಸದ್ದನ್ನೇ ಎತ್ತಿ ಕೊಡತ್ತೆ, ಅಲ್ಲದೆ ಆಗ್ಲೇ ಚಪ್ಪಟೆ ಆಗಿರೋದನ್ನ ಇನ್ನೇನು ಚಪ್ಪಟೆ ಮಾಡೋದು. ಗಿಟಾರಲ್ಲಿ ಗಮಕ ಹಾಕಿ ರಾಗ ನುಡಿಸೋ ಹುಡುಗರು ಈಚೆಗೆ ತುಂಬಾ ಜನ ಇದಾರೆ, ಅವರಿಗೆ ಕಂಪ್ರೆಸರ್ ಬಹಳ ಉಪಯೋಗ, ಒಂದೇ ಮೀಟಲ್ಲಿ ಎಳೆದು ಜಾರಿಸಿ ಮೂರು ನಾಕು ಸ್ವರ ಮುಟ್ಟೋವಷ್ಟರಲ್ಲಿ ಸದ್ದು ಸತ್ತೋಗದಂಗೆ ಹಿಡಿದಿಡತ್ತೆ. ಅವರು ಡಿಲೇ ಮಾತ್ರ ಹುಷಾರಾಗಿ ಬಳಸ್ಬೇಕು, ಹೊಸ ಸ್ವರದ ಮೇಲೆ ಹಳೇ ಸ್ವರ ಬಂದು ಬಿದ್ರೆ ಗಮಕ ಎಲ್ಲ ಮಸಿ.

ಈಕ್ಯೂ ಪೆಡಲ್ ತಗೊಂಡೆ, ಎಲ್ಲಿಡ್ಲಿ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ

ಎಲ್ಲರೂ ಸರಿನೇ. ಮೊದ್ಲು ಇಟ್ರೆ ಯಾವ ಭಾಗ ಒಡೀಬೇಕು ಅಂತ ನಿರ್ಧಾರ ಮಾಡತ್ತೆ, ಆಮೇಲೆ ಇಟ್ರೆ ಒಡೆದ ಸೌಂಡ್ ಹೆಂಗೆ ಕೇಳ್ಬೇಕು ಅಂತ ನಿರ್ಧಾರ ಮಾಡತ್ತೆ. ಬಾಸ್ ಜಿಇ-7ರಲ್ಲಿ 100 ಹರ್ಟ್ಜ್‌ನಿಂದ 6.4 ಕಿಲೋಹರ್ಟ್ಜ್‌ವರೆಗೆ ಏಳು ಸ್ಲೈಡರ್ ಇದಾವೆ. 800 ಹರ್ಟ್ಜ್ ಸ್ಲೈಡರ್ ಎತ್ತಿ ಮೊದ್ಲು ಒಂದ್ಸಲ, ಆಮೇಲೆ ಒಂದ್ಸಲ ಇಟ್ಟು ಕೇಳಿ. ಮೊದ್ಲು ಇದ್ದಾಗ ಡಿಸ್ಟಾರ್ಶನಿನ ಸ್ವಭಾವನೇ ಬದಲಾಗತ್ತೆ, ಆಮೇಲೆ ಇದ್ದಾಗ ಕೀಬೋರ್ಡಿನ ಮಧ್ಯದಿಂದ ಗಿಟಾರ್ ಆಚೆ ಬಂದು ನಿಲ್ಲತ್ತೆ. ಒಂದೇ ಈಕ್ಯೂ ಇದ್ದು ಬ್ಯಾಂಡಲ್ಲಿ ನುಡಿಸೋರಾದ್ರೆ ಡ್ರೈವ್ ಆದ್ಮೇಲೆ ಇಡಿ, ಸೋಲೋ ಬೂಸ್ಟೂ ಅದರಲ್ಲೇ ಆಗತ್ತೆ.

ವಾಲ್ಯೂಮ್ ಪೆಡಲ್?

ಡ್ರೈವ್‌ಗಿಂತ ಮೊದ್ಲಾದ್ರೆ ಅದು ಗೇನ್ ಕಂಟ್ರೋಲ್, ಗಿಟಾರ್ ನಾಬ್ ತಿರುಗಿಸಿದಂಗೆ. ಡ್ರೈವ್ ಆದ್ಮೇಲೆ ಡಿಲೇಗಿಂತ ಮೊದ್ಲಾದ್ರೆ ನಿಜವಾದ ವಾಲ್ಯೂಮ್, ಕಾಲು ಎತ್ತಿದ್ರೂ ಡಿಲೇ ರಿವರ್ಬ್ ಬಾಲ ಕರಗ್ತಾ ಇರತ್ತೆ, ಪಿಟೀಲಿನ ಕಮಾನು ಎಳೆದ ತರ ಸ್ವೆಲ್ ಮಾಡಕ್ಕೆ ಇದೇ ಜಾಗ. ಕೊನೇಲಿಟ್ರೆ ಬಾಲನೂ ಕಟ್. ಪ್ಯಾಸಿವ್ ಪೆಡಲ್‌ಗಳಲ್ಲಿ 250 ಕಿಲೋಓಮ್ ಮತ್ತೆ 25 ಕಿಲೋಓಮ್ ಅಂತ ಎರಡು ತರ ಸಿಗತ್ತೆ, ಪ್ಯಾಸಿವ್ ಪಿಕಪ್ ಇರೋ ಗಿಟಾರಿಂದ ಸೀದಾ ಹೋಗೋದಾದ್ರೆ 250, ಬಫರ್ ಅಥವಾ ಬೇರೆ ಪೆಡಲ್ ಆದ್ಮೇಲೆ ಅಂದ್ರೆ 25. ಇದನ್ನ ನೋಡ್ದೆ ತಗೊಂಡು ಟೋನ್ ಹೋಯ್ತು ಅಂತ ಅಳೋರೇ ಜಾಸ್ತಿ.

ಫೇಸರ್, ಕೋರಸ್, ಟ್ರೆಮೊಲೊ ಇವೆಲ್ಲ?

ಪುಸ್ತಕದ ಉತ್ತರ: ಡ್ರೈವ್ ಆದ್ಮೇಲೆ, ಡಿಲೇಗಿಂತ ಮೊದ್ಲು. ಆದ್ರೆ ಎಡ್ಡಿ ವ್ಯಾನ್ ಹೇಲನ್ ಎಂಎಕ್ಸ್‌ಆರ್ ಫೇಸ್ 90ನ ಒಡೀತಿದ್ದ ಮಾರ್ಷಲ್ ಆಂಪಿನ ಇನ್‌ಪುಟ್‌ಗೆ ಹಾಕಿದ್ದು, ಅಂದ್ರೆ ಡಿಸ್ಟಾರ್ಶನ್‌ಗಿಂತ ಮೊದ್ಲು. ಹಂಗೆ ಇಟ್ರೆ ಫೇಸರಿನ ಏರಿಳಿತವನ್ನ ಡಿಸ್ಟಾರ್ಶನ್ ಸ್ವಲ್ಪ ನುಂಗತ್ತೆ, ಸೋಲೋ ಮೇಲೆ ಒಂದು ಹೊಳಪು ಓಡಾಡಿದಂಗೆ ಸೂಕ್ಷ್ಮವಾಗಿ ಬರತ್ತೆ. ಆಮೇಲೆ ಇಟ್ರೆ ವಿಮಾನ ಹೋಯ್ತು ಅನ್ನೋವಷ್ಟು ಎದ್ದು ಕಾಣತ್ತೆ. ಫೇಸರ್ ಇರೋರು ಇದನ್ನ ಖಂಡಿತ ಎರಡೂ ಕಡೆ ಇಟ್ಟು ನೋಡ್ಬೇಕು, ಕೋರಸ್ ಮಾತ್ರ ಡಿಸ್ಟಾರ್ಶನ್‌ಗೆ ಮೊದ್ಲು ನನಗೆ ಯಾವತ್ತೂ ಹಿಡಿಸಿಲ್ಲ, ಟ್ಯೂನ್ ಹೋದ ಗಿಟಾರ್ ತರ ಕೇಳತ್ತೆ.

ಟ್ರೆಮೊಲೊ (ವಾಲ್ಯೂಮನ್ನ ಏರಿಸಿ ಇಳಿಸ್ತಾ ಮಿಡಿಸೋದು) ಕೊನೇಲಿ ಇಡಿ. ಹಳೇ ಫೆಂಡರ್ ಆಂಪ್‌ಗಳಲ್ಲೂ ರಿವರ್ಬ್ ಬೆರೆಸಿದ್ಮೇಲೇ ಟ್ರೆಮೊಲೊ ಬರೋದು, ಬಾಲ ಸಮೇತ ಇಡೀ ಸೌಂಡ್ ಮಿಡಿಯತ್ತೆ.

ಡಿಲೇ ಮೊದ್ಲಾ ರಿವರ್ಬ್ ಮೊದ್ಲಾ?

ಡಿಲೇ ಮೊದ್ಲು. ಆದ್ರೆ ಎರಡೂ ಸೌಂಡ್ ಒಡೆಯೋ ಪೆಡಲ್ ಅಲ್ಲ, ಆದ್ರಿಂದ ನೀವು ಅನ್ಕೊಂಡಷ್ಟು ವ್ಯತ್ಯಾಸ ಇರಲ್ಲ. ಇದರ ಬಗ್ಗೆ ರಾತ್ರಿಯೆಲ್ಲ ವಾದ ಮಾಡೋದು ಬಿಟ್ಟು ಡಿಲೇ ಟೈಮ್ ಹಾಡಿನ ಟೆಂಪೋಗೆ ಸೆಟ್ ಮಾಡ್ಕೊಳ್ಳಿ, ಅದು ಹತ್ತು ಪಟ್ಟು ಮುಖ್ಯ. ನಿಮಿಷಕ್ಕೆ 120 ಬೀಟ್ ಇದ್ರೆ ಒಂದು ಬೀಟ್ 500 ಮಿಲಿಸೆಕೆಂಡ್, ಚರ್ಚ್ ವರ್ಶಿಪ್ ಹಾಡುಗಳಲ್ಲಿ ಕುದುರೆ ಓಡಿದಂಗೆ ಬರೋ ಡಾಟೆಡ್ ಎಯ್ತ್ ಬೇಕಂದ್ರೆ ಅದರ ಮುಕ್ಕಾಲು, 375.

ಪೆಡಲ್ ಆರ್ಡರ್ ಎಲ್ಲ ಸರಿ ಇದೆ, ಆದ್ರೂ ಡಿಲೇ ಗಲೀಜು. ಏನು ತಪ್ಪು?

ನಿಮ್ಮ ಡಿಸ್ಟಾರ್ಶನ್ ಆಂಪಿಂದ ಬರ್ತಿದೆಯಾ? ಹಂಗಾದ್ರೆ ಬೋರ್ಡಲ್ಲಿ ಕೊನೇಲಿದ್ರೂ ನಿಮ್ಮ ಡಿಲೇ ಡಿಸ್ಟಾರ್ಶನ್‌ಗಿಂತ ಮೊದ್ಲೇ ಇದೆ! ಆಂಪಲ್ಲಿ ಪ್ರೀಆಂಪ್ ಒಂದು ಭಾಗ, ಪವರ್ ಆಂಪ್ ಇನ್ನೊಂದು ಭಾಗ, ಒಡೆಯೋ ಕೆಲಸ ಹೆಚ್ಚಾಗಿ ಪ್ರೀಆಂಪಲ್ಲಿ. ಎರಡರ ಮಧ್ಯ ಒಂದು ಬಾಗಿಲು ಇಟ್ಟಿರ್ತಾರೆ, ಆಂಪಿನ ಹಿಂದೆ ಸೆಂಡ್, ರಿಟರ್ನ್ ಅಂತ ಎರಡು ಜ್ಯಾಕ್, ಅದೇ ಎಫೆಕ್ಟ್ಸ್ ಲೂಪ್. ನಾಲ್ಕು ಕೇಬಲ್ ಬೇಕು: ಗಿಟಾರಿಂದ ಬೋರ್ಡಿಗೆ, ವಾ ಮತ್ತೆ ಡ್ರೈವ್‌ಗಳಿಂದ ಆಂಪ್ ಇನ್‌ಪುಟ್‌ಗೆ, ಸೆಂಡಿಂದ ಕೋರಸ್ ಡಿಲೇ ರಿವರ್ಬ್‌ಗೆ, ಅಲ್ಲಿಂದ ರಿಟರ್ನ್‌ಗೆ.

ಆಂಪ್ ಕ್ಲೀನ್ ಇಟ್ಟು ಡಿಸ್ಟಾರ್ಶನ್ ಪೆಡಲಿಂದ ತರೋರಿಗೆ ಲೂಪ್ ಬೇಕಾಗಿಲ್ಲ, ಎಲ್ಲಾ ಮುಂದೆನೇ ಹಾಕಿ. ಜ್ಯಾಮ್ ರೂಮಲ್ಲಿ ರೋಲಂಡ್ ಜೆಸಿ-120 ಸಿಕ್ರೆ ಇನ್ನೂ ಆರಾಮು, 1975ರಿಂದ ಬರ್ತಿರೋ ಆ ಆಂಪ್ ಕ್ಲೀನ್ ಸೌಂಡ್‌ಗೇ ಹೆಸರುವಾಸಿ.

ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಹೋಗ್ತೀನಿ ಅಣ್ಣಾ, ಅಲ್ಲಿ ಆಂಪೇ ಇರಲ್ಲ, ಸೀದಾ ಮಿಕ್ಸರ್‌ಗೆ. ಏನ್ಮಾಡ್ಲಿ?

ಆಂಪಿನ ಜಾಗಕ್ಕೆ ಏನಾದ್ರೂ ಇರ್ಲೇಬೇಕು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ಮೇಲಿಂದು ಹೆಚ್ಚೇನೂ ಕೊಡಲ್ಲ, ಪೆಂಡಾಲಿನ ಪಿಎ ಸ್ಪೀಕರ್ ಹಾರ್ನ್ ಎಲ್ಲಾನೂ ಉಗುಳತ್ತೆ, ಡಿಸ್ಟಾರ್ಶನ್ ಸೀದಾ ಚುಚ್ಚಿದ್ರೆ ಕಿವಿ ಕೊರೆಯತ್ತೆ. ಚೈನ್ ಕೊನೇಲಿ ಒಂದು ಕ್ಯಾಬ್ ಸಿಮ್ಯುಲೇಟರ್ (ಗಿಟಾರ್ ಸ್ಪೀಕರ್ ಸೌಂಡನ್ನ ನಕಲು ಮಾಡೋದು) ಹಾಕ್ಕೊಳ್ಳಿ, ಅದು ಡಿಲೇಗಿಂತ ಮೊದ್ಲಾದ್ರೂ ಆಮೇಲಾದ್ರೂ ಅಂಥ ವ್ಯತ್ಯಾಸ ಇಲ್ಲ (ಈಕ್ಯೂ ಡಿಲೇ ಕಥೆನೇ ಇಲ್ಲೂ), ಆದ್ರೆ ಡ್ರೈವ್‌ಗಿಂತ ಆಮೇಲೇ ಇರ್ಬೇಕು. ಮಿಕ್ಸರ್ ಸ್ಟೇಜಿಂದ ದೂರ ಇದ್ರೆ ಡಿಐ ಬಾಕ್ಸ್ (ಗಿಟಾರ್ ಸಿಗ್ನಲ್ಲನ್ನ ಉದ್ದ ಮೈಕ್ ಕೇಬಲ್‌ಗೆ ಹೊಂದಿಸೋ ಡಬ್ಬಿ) ಕೇಳಿ, ಉದ್ದ ಗಿಟಾರ್ ಕೇಬಲ್ ಎಳೆದ್ರೆ ಸೀರಿಯಲ್ ಸೆಟ್ಟಿನ ಕಿರಿಕಿರಿಯೆಲ್ಲ ಹಾಡಲ್ಲಿ ಬರತ್ತೆ.

ನಾಯ್ಸ್ ಗೇಟ್ ಹಾಕಿದ್ರೆ ಡಿಲೇ ಬಾಲ ಕಟ್ ಆಗ್ತಿದೆ

ಡಿಲೇಗಿಂತ ಮೊದ್ಲು, ಡ್ರೈವ್ ಆದ್ಮೇಲೆ ಇಡಿ. ಬಾಸ್ ಎನ್‌ಎಸ್-2 ತರದ್ರಲ್ಲಿ ಅದರದ್ದೇ ಸೆಂಡ್ ರಿಟರ್ನ್ ಇದೆ, ಡ್ರೈವ್‌ಗಳನ್ನ ಅದರೊಳಗೆ ಹಾಕಿದ್ರೆ ಗೇಟ್ ಕೇಳಿಸ್ಕೊಳೋದು ಒಡೆಯದ ಕ್ಲೀನ್ ಗಿಟಾರನ್ನ, ಮುಚ್ಚೋದು ಡ್ರೈವ್‌ಗಳ ಗದ್ದಲನ. ಕೈ ಬಿಟ್ಟಿದ್ದು ಯಾವಾಗ ಅಂತ ಅದಕ್ಕೆ ಕರೆಕ್ಟಾಗಿ ಗೊತ್ತಾಗತ್ತೆ.

ಆಕ್ಟೇವ್, ಪಿಚ್ ಶಿಫ್ಟರ್?

ಮೊದ್ಲು. ಅದು ಸ್ವರನ ಮೇಲೆ ಕೆಳಗೆ ಸರಿಸೋ ಪೆಡಲ್, ನೀವು ಯಾವ ಸ್ವರ ನುಡಿಸ್ತಿದೀರ ಅಂತ ಗುರ್ತು ಹಿಡೀಬೇಕು, ಒಡೆದ ಸೌಂಡ್ ಕೊಟ್ರೆ ಹಳೇ ಅನಲಾಗ್ ಪೆಡಲ್‌ಗಳು ತೊದಲತ್ವೆ. ಹಂಗೆ ತೊದಲೋದೇ ಚೆಂದ ಅನ್ನೋರೂ ಇದಾರೆ ಬಿಡಿ.

ನನ್ಹತ್ರ ಇರೋದು ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್, ಇದೆಲ್ಲ ನನಗೆ ಬೇಕಾ?

ನಿಮಗೇ ಜಾಸ್ತಿ ಉಪಯೋಗ, ಯಾಕಂದ್ರೆ ಕೇಬಲ್ ಕೀಳದೇ ಸ್ಕ್ರೀನಲ್ಲಿ ಬ್ಲಾಕ್ ಸರಿಸಿ ಎರಡೇ ನಿಮಿಷದಲ್ಲಿ ಮೇಲಿಂದೆಲ್ಲ ಕೇಳಿ ನೋಡ್ಬಹುದು. ಡ್ರೈವ್, ಆಂಪ್, ಕ್ಯಾಬ್, ಡಿಲೇ, ರಿವರ್ಬ್ ಈ ಆರ್ಡರ್ ಇಟ್ಕೊಂಡು ಶುರು ಮಾಡಿ. ಒಂದೇ ಎಚ್ಚರ, ಅದನ್ನ ನಿಜವಾದ ಆಂಪ್‌ಗೆ ಹಾಕೋವಾಗ ಕ್ಯಾಬ್ ಬ್ಲಾಕ್ ಆಫ್ ಮಾಡಿ, ಇಲ್ಲಾಂದ್ರೆ ಸ್ಪೀಕರ್ ಮೇಲೆ ಇನ್ನೊಂದು ಸ್ಪೀಕರ್ ಕೂರಿಸಿದಂಗೆ ಮಂಕಾಗತ್ತೆ.

ಎಲ್ಲಾ ಪೆಡಲ್‌ಗೂ ಒಂದೇ ಅಡಾಪ್ಟರ್ ಸಾಕಾ? ರೌಟರಿಂದು ಫಿಟ್ ಆಗತ್ತೆ

ರೌಟರಿಂದು ದಯವಿಟ್ಟು ಬೇಡ! ಪಿನ್ ಫಿಟ್ ಆಗತ್ತೆ ನಿಜ, ಆದ್ರೆ ಅದು ಸಾಮಾನ್ಯವಾಗಿ 12 ವೋಲ್ಟ್, ಮಧ್ಯದ ಪಿನ್ ಪಾಸಿಟಿವ್. ಹೆಚ್ಚಿನ ಪೆಡಲ್‌ಗೆ ಬೇಕಾದ್ದು 9 ವೋಲ್ಟ್ ಡಿಸಿ, ಮಧ್ಯದ ಪಿನ್ ನೆಗೆಟಿವ್. ಮಿಲಿಆಂಪ್ ಲೆಕ್ಕನೂ ಹಾಕಿ: ಅನಲಾಗ್ ಓವರ್‌ಡ್ರೈವ್ 10 ಮಿಲಿಆಂಪ್ ಆಸುಪಾಸಲ್ಲಿ ಬದುಕತ್ತೆ, ಸ್ಟ್ರೈಮನ್ ತರದ ಡಿಜಿಟಲ್ ಪೆಡಲ್ ಒಂದೇ 250ರಿಂದ 300 ಕೇಳತ್ತೆ. ಒಂದೇ ಅಡಾಪ್ಟರಿಂದ ಡೇಸಿ ಚೈನ್ ಮಾಡಿದ್ರೆ (ಒಂದೇ ವೈರಿಂದ ಎಲ್ಲಕ್ಕೂ ಕವಲು ಎಳೆದ್ರೆ) ಡಿಜಿಟಲ್ ಪೆಡಲ್‌ಗಳ ಕೀಂ ಅನ್ನೋ ಸದ್ದು ಡ್ರೈವ್‌ಗಳಿಗೆ ನುಗ್ಗತ್ತೆ, ಆಗ ಜನ ಪೆಡಲ್ ಆರ್ಡರ್ ಬದಲಾಯಿಸ್ತಾ ಕೂರ್ತಾರೆ, ತಪ್ಪು ಇರೋದು ಕರೆಂಟಲ್ಲಿ. ಪ್ರತಿ ಔಟ್‌ಪುಟ್ಟೂ ಬೇರೆ ಬೇರೆ ಐಸೋಲೇಟ್ ಆಗಿರೋ ಸಪ್ಲೈ ತಗೊಳ್ಳಿ, ಮೂರನೇ ಡಿಸ್ಟಾರ್ಶನ್ ಪೆಡಲ್ ತಗೊಳೋ ದುಡ್ಡಲ್ಲಿ ಅದು ಬರತ್ತೆ. ಪಾಸಿಟಿವ್ ಗ್ರೌಂಡ್ (ಪ್ಲಸ್ ಮೈನಸ್ ಉಲ್ಟಾ) ಇರೋ ಹಳೇ ಮಾದರಿ ಜರ್ಮೇನಿಯಂ ಫಜ್‌ನ ಅಂತೂ ಡೇಸಿ ಚೈನ್‌ಗೆ ಸೇರಿಸ್ಲೇಬೇಡಿ, ಶಾರ್ಟ್ ಆಗತ್ತೆ.

ಬ್ಯಾಟರಿ ಬಳಸೋರು ನುಡಿಸಿ ಆದ್ಮೇಲೆ ಇನ್‌ಪುಟ್ ಜ್ಯಾಕಿಂದ ಕೇಬಲ್ ಕಿತ್ತಿಡಿ. ಪೆಡಲ್ ಆನ್ ಆಗೋದು ಆ ಜ್ಯಾಕಿಂದ್ಲೇ, ಲೈಟ್ ಆಫ್ ಇದ್ರೂ ಬ್ಯಾಟರಿ ತಿಂತಾ ಇರತ್ತೆ.

ಗುಂಯ್ ಅಂತ ಹಮ್ ಬರ್ತಿದೆ, ಮೈಕ್‌ಗೆ ತುಟಿ ತಾಗಿದ್ರೆ ಶಾಕ್ ಹೊಡೀತಿದೆ

ಹಮ್ ಆಮೇಲೆ ನೋಡೋಣ, ಶಾಕ್ ಅಂದ್ರೆ ಮೊದ್ಲು ನುಡಿಸೋದು ನಿಲ್ಸಿ. ಸ್ಟೇಜಿಗೆ ಅರ್ಥಿಂಗ್ ಸರಿ ಇಲ್ಲ, ಅಥವಾ ಆಂಪಿಗೂ ಮೈಕ್ ಸಿಸ್ಟಮ್‌ಗೂ ಬೇರೆ ಬೇರೆ ಕಡೆಯಿಂದ ಲೈನ್ ಎಳೆದಿದಾರೆ. ಎಲೆಕ್ಟ್ರಿಶಿಯನ್ ಕರೆಸಿ ಸರಿ ಮಾಡಿಸಿ. ಹಮ್ ಹೋಗ್ಲಿ ಅಂತ ತ್ರೀ ಪಿನ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕೋದು ಪ್ರಾಣಕ್ಕೆ ಅಪಾಯ, ಬೇಕಾದ್ರೆ ಡಿಐ ಬಾಕ್ಸಲ್ಲಿ ಇರೋ ಗ್ರೌಂಡ್ ಲಿಫ್ಟ್ ಸ್ವಿಚ್ ಬಳಸಿ, ಅದು ಸಿಗ್ನಲ್‌ನ ಗ್ರೌಂಡ್ ಮಾತ್ರ ಬಿಡಿಸತ್ತೆ.

ಶಾಕ್ ಇಲ್ಲ, ಬರೀ ಹಮ್ ಅಂದ್ರೆ ಗಿಟಾರ್ ಹಿಡ್ಕೊಂಡು ಒಂದು ಸುತ್ತು ತಿರುಗಿ. ನಿಂತ ದಿಕ್ಕಿಗೆ ತಕ್ಕಂಗೆ ಹೆಚ್ಚುಕಮ್ಮಿ ಆದ್ರೆ ಅದು ಸಿಂಗಲ್ ಕಾಯಿಲ್ ಪಿಕಪ್ ಗಾಳಿಯಲ್ಲಿರೋ 50 ಹರ್ಟ್ಜ್ ಹಿಡೀತಿರೋದು, ಯಾವ ಪೆಡಲ್ ಆರ್ಡರೂ ಅದನ್ನ ವಾಸಿ ಮಾಡಲ್ಲ.

ಲೂಪರ್?

ನುಡಿಸಿದ್ದನ್ನ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಕೇಳ್ಸೋ ಪೆಡಲ್ ಇದು. ಕೊನೇಲಿ ಇಡಿ, ಕ್ಲೀನ್ ರಿದಮ್ ರೆಕಾರ್ಡ್ ಮಾಡಿ ಅದರ ಮೇಲೆ ಡಿಸ್ಟಾರ್ಶನಲ್ಲಿ ಸೋಲೋ ಹೊಡೀಬಹುದು. ಮೊದ್ಲು ಇಟ್ರೆ ಒಂದು ಚೂರು ನುಡಿಸಿ ಲೂಪಿಗೆ ಬಿಟ್ಟು ಎರಡೂ ಕೈ ಖಾಲಿ ಮಾಡ್ಕೊಂಡು ಉಳಿದ ಪೆಡಲ್‌ಗಳ ನಾಬ್ ತಿರುಗಿಸ್ತಾ ಕೂರ್ಬಹುದು, ಆರ್ಡರ್ ಟೆಸ್ಟ್ ಮಾಡಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ರೂಲ್ಸ್ ಮುರಿದ್ರೆ?

ಮುರೀರಿ. ರಿವರ್ಬ್‌ನ ಫಜ್‌ಗಿಂತ ಮೊದ್ಲು ಇಟ್ಟು ಗೋಡೆ ತರದ ಸೌಂಡ್ ಕಟ್ಟೋದು ಶೂಗೇಜ್ (ಗದ್ದಲದ ಗಿಟಾರ್ ರಾಕ್) ಬ್ಯಾಂಡುಗಳ ಮಾಮೂಲಿ ಪಟ್ಟು. ಒಂದ್ಸಲಕ್ಕೆ ಎರಡೇ ಪೆಡಲ್ ಅದಲುಬದಲು ಮಾಡಿ, ಒಟ್ಟಿಗೆ ಐದು ಸರಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಜೋರಾಗಿರೋದೇ ಚೆನ್ನಾಗಿದೆ ಅನ್ಸೋದು ಕಿವಿ ಸ್ವಭಾವ, ಆದ್ರಿಂದ ಎರಡೂ ಸಲ ವಾಲ್ಯೂಮ್ ಸಮ ಮಾಡ್ಕೊಂಡು ಕೇಳಿ, ಆಗೋದಾದ್ರೆ ಡ್ರಮ್ಮರ್ ಜೊತೆಲೂ ಒಂದ್ಸಲ. ಬೆಡ್‌ರೂಮಲ್ಲಿ ಅದ್ಭುತ ಅನ್ಸಿದ್ದು ಬ್ಯಾಂಡಲ್ಲಿ ಕಾಣೆಯಾಗೋದು ಮಾಮೂಲಿ.

ಶೋ ಮಧ್ಯ ಸೌಂಡ್ ಪೂರ್ತಿ ನಿಂತೋದ್ರೆ ಎಲ್ಲಿಂದ ಹುಡುಕ್ಲಿ?

ಗಿಟಾರ್ ಕೇಬಲ್ ಬೋರ್ಡಿಂದ ಕಿತ್ತು ಸೀದಾ ಆಂಪ್‌ಗೆ ಚುಚ್ಚಿ. ಸೌಂಡ್ ಬಂತಾ, ಆ ಹಾಡು ಹಂಗೇ ಮುಗಿಸಿ, ಪ್ರೇಕ್ಷಕರಿಗೆ ಗೊತ್ತಾಗಲ್ಲ. ಬರ್ಲಿಲ್ಲ ಅಂದ್ರೆ ಗಿಟಾರ್, ಆ ಕೇಬಲ್, ಆಂಪ್ ಮೂರರಲ್ಲೊಂದು, ಮೊದ್ಲು ಕೇಬಲ್ ಬದಲಾಯಿಸಿ. ತಪ್ಪು ಬೋರ್ಡಲ್ಲೇ ಅಂತಾದ್ರೆ ಹಾಡು ಮುಗಿದ್ಮೇಲೆ ಸರಿಯಾಗಿ ಮಧ್ಯದ ಪೆಡಲ್‌ಗೆ ಗಿಟಾರ್ ಹಾಕಿ, ಸೌಂಡ್ ಬಂದ್ರೆ ತಪ್ಪು ಗಿಟಾರ್ ಕಡೆಯ ಅರ್ಧದಲ್ಲಿ, ಬರದಿದ್ರೆ ಆಂಪ್ ಕಡೆಯ ಅರ್ಧದಲ್ಲಿ, ಆ ಅರ್ಧನ ಮತ್ತೆ ಅರ್ಧ ಮಾಡಿ. ಹತ್ತು ಪೆಡಲ್ ಇದ್ರೂ ನಾಲ್ಕು ಸಲ ಚುಚ್ಚೋವಷ್ಟರಲ್ಲಿ ಸಿಕ್ಕತ್ತೆ, ಸಿಕ್ಕೋದು ಬಹುತೇಕ ಸಲ ಪೆಡಲ್ ಅಲ್ಲ, ಒಂದು ಅಗ್ಗದ ಪ್ಯಾಚ್ ಕೇಬಲ್. ಬ್ಯಾಗಲ್ಲಿ ಎರಡು ಎಕ್ಸ್‌ಟ್ರಾ ಇಟ್ಕೊಂಡಿರಿ.